ಗೆದ್ದದ್ದು ಕುದುರೆಯೋ, ಟ್ರೈನರ್ ಕೈಗುಣವೋ: ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ಕುದುರೆಗಳನ್ನು ರೇಸಿಗೆ ಸಜ್ಜುಗೊಳಿಸುವ ಟ್ರೈನರ್ ಹೆನ್ರಿ ಸೆಸಿಲ್ 1987ರಲ್ಲಿ ಇಂಗ್ಲೆಂಡಿನಲ್ಲಿ 180 ರೇಸ್ ಗೆದ್ದರು. ಒಂದೇ ಋತುವಿನಲ್ಲಿ ಅಷ್ಟು ಗೆಲುವನ್ನು ಅಲ್ಲಿಯ ಫ್ಲಾಟ್ ರೇಸಿಂಗ್ (ಬೇಲಿ ಹಾರುವುದಿಲ್ಲದ ಓಟ) ಅದುವರೆಗೆ ಕಂಡಿರಲಿಲ್ಲ. ಅವರು ಮುರಿದ ದಾಖಲೆ 1867ರದು. ಹದಿನೆಂಟು ವರ್ಷ ಕಳೆದು 2005ರಲ್ಲಿ ಅದೇ ಸೆಸಿಲ್, ನ್ಯೂಮಾರ್ಕೆಟ್ಟಿನ ಅದೇ ವಾರನ್ ಪ್ಲೇಸ್ ಲಾಯದಿಂದ ಗೆದ್ದದ್ದು ಬರೀ 12. ಮತ್ತೆ 2010ರಿಂದ 2012ರವರೆಗೆ ಅವರ ಕೈಯಲ್ಲಿದ್ದ ಫ್ರಾಂಕೆಲ್ ಅನ್ನುವ ಕುದುರೆ ಓಡಿದ 14 ರೇಸುಗಳನ್ನೂ ಗೆದ್ದಿತು.

ಮನುಷ್ಯ ಅದೇ, ಜಾಗವೂ ಅದೇ. ಹಾಗಾದರೆ 1987ರಲ್ಲಿ ಇದ್ದ ಕೈಗುಣ 2005ರಲ್ಲಿ ಎಲ್ಲಿ ಹೋಗಿತ್ತು? ನಡುವೆ ನಡೆದದ್ದು ಇಷ್ಟು: 1995ರಲ್ಲಿ ದುಬೈನ ಶ್ರೀಮಂತ ಮಾಲೀಕ ಶೇಖ್ ಮೊಹಮ್ಮದ್ ತಮ್ಮ ಕುದುರೆಗಳನ್ನೆಲ್ಲ ಆ ಲಾಯದಿಂದ ತೆಗೆದುಕೊಂಡು ಹೋದರು. ಬರುವ ಕುದುರೆ ಕಡಿಮೆಯಾಯಿತು, ಬಂದವುಗಳ ಮಟ್ಟವೂ ಇಳಿಯಿತು. ಸೆಸಿಲ್‌ರ ಸ್ವಂತ ಬದುಕಿನಲ್ಲೂ ಆ ವರ್ಷಗಳು ಕಷ್ಟದವು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತೀವಲ್ಲ, ಟ್ರೈನರ್ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು: ಇವರು ಹೂವೋ, ನಾರೋ? ಹೆಚ್ಚಿನವರು ಗೆಲುವಿನ ಪಟ್ಟಿ ನೋಡಿ ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಇನ್ನು ಕೆಲವರು "ಒಳ್ಳೆ ಕುದುರೆ ಇದ್ದರೆ ಯಾರು ಬೇಕಾದರೂ ಗೆಲ್ಲಿಸ್ತಾರೆ" ಅಂತ ಇಡೀ ಕಸುಬನ್ನೇ ತಳ್ಳಿಹಾಕುತ್ತಾರೆ. ಎರಡೂ ಅನ್ಯಾಯ. ನನ್ನ ಅನುಭವದಲ್ಲಿ ತೀರ್ಪಿಗೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ರೇಸ್ ಫಲಿತಾಂಶ, ಹರಾಜಿನ ದಾಖಲೆ, ರೇಟಿಂಗ್ (ಓಟದ ಮಟ್ಟಕ್ಕೆ ಕೊಡುವ ಅಂಕ) ಇವುಗಳಲ್ಲೇ ಸಿಗುತ್ತದೆ. ಒಂದು ನೋಟ್‌ಬುಕ್ಕೋ ಸ್ಪ್ರೆಡ್‌ಶೀಟೋ ಇಟ್ಟುಕೊಂಡು ಸಾವಧಾನವಾಗಿ ಕೂತರೆ ಆಯಿತು. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಕೇಳುತ್ತಿರುವ ಪ್ರಶ್ನೆ ಯಾವುದು ಅಂತ ಮೊದಲು ಬರೆದುಕೊಳ್ಳಿ

"ಈ ಟ್ರೈನರಿಗೆ ಎಷ್ಟು ಶ್ರೇಯ ಸಲ್ಲಬೇಕು?" ಅನ್ನುವುದರೊಳಗೆ ಎರಡು ಬೇರೆ ಪ್ರಶ್ನೆ ಸೇರಿಕೊಂಡಿವೆ. ಈ ಒಂದು ಕುದುರೆಯ ಗೆಲುವಿನಲ್ಲಿ ಇವರ ಪಾಲೆಷ್ಟು ಅನ್ನುವುದು ಒಂದು. ಕೈಗೆ ಬಂದ ಎಲ್ಲ ಕುದುರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇವರು ಎಷ್ಟು ಒಳ್ಳೆಯ ಟ್ರೈನರ್ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅಂಕಿ ಅಂಶ ಹೆಚ್ಚು ಸಹಾಯ ಮಾಡುವುದಿಲ್ಲ, ಆ ಕುದುರೆಯ ಚರಿತ್ರೆಯನ್ನೇ ಕೂಲಂಕಷವಾಗಿ ಓದಬೇಕು. ಎರಡನೆಯದಕ್ಕೆ ಒಂದು ಕುದುರೆಯ ಕಥೆ ಏನೂ ಹೇಳುವುದಿಲ್ಲ, ನೂರಾರು ಓಟದ ಲೆಕ್ಕ ಬೇಕು.

ಜೊತೆಗೆ, ಹೋಲಿಕೆ ಯಾರೊಂದಿಗೆ ಅನ್ನುವುದನ್ನೂ ನಿಗದಿ ಮಾಡಿ. ಟ್ರೈನರ್ ಇಲ್ಲದೆ ಯಾವ ಕುದುರೆಯೂ ರೇಸ್ ಶುರುವಾಗುವ ಗೇಟಿನವರೆಗೆ ಬರುವುದಿಲ್ಲ. ಆದ್ದರಿಂದ "ಇವರು ಇಲ್ಲದಿದ್ದರೆ?" ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. "ಇವರ ಬದಲು ಕೆಲಸ ಗೊತ್ತಿರುವ ಇನ್ನೊಬ್ಬ ಸಾಧಾರಣ ಟ್ರೈನರ್ ಇದ್ದಿದ್ದರೆ?" ಅಂತ ಕೇಳಿ. ಆ ವ್ಯತ್ಯಾಸಕ್ಕೇ ನಾವು ಶ್ರೇಯ ಅನ್ನಬೇಕು.

ಹೆಜ್ಜೆ 2: ಲಾಯದ ಬಾಗಿಲಲ್ಲಿ ನಿಂತು ಒಳಗೆ ಬಂದದ್ದನ್ನು ಎಣಿಸಿ

ಇಡೀ ಕೆಲಸದ ಬುನಾದಿ ಇದು. ಟ್ರೈನರ್ ಕೈ ಸೋಕುವ ಮೊದಲು ಆ ಕುದುರೆ ಎಷ್ಟರದ್ದು ಅಂತ ಜನ ಅಂದುಕೊಂಡಿದ್ದರು? ಅದನ್ನು ಹೇಳುವ ಮೂರು ಸಂಗತಿ ಸುಲಭವಾಗಿ ಸಿಗುತ್ತವೆ: ಹರಾಜಿನ ಬೆಲೆ, ತಂದೆಯ ಸ್ಟಡ್ ಫೀ (ಗಂಡು ಕುದುರೆಯಿಂದ ಮರಿ ಪಡೆಯಲು ಕೊಡುವ ಶುಲ್ಕ), ಅದೇ ತಾಯಿ ಹೆತ್ತ ಬೇರೆ ಮರಿಗಳು ಮಾಡಿದ ಸಾಧನೆ.

ಬೆಲೆ ನೋಡಿ ಮೋಸಹೋಗುವವರೂ ಇದ್ದಾರೆ. 1983ರಲ್ಲಿ 1.02 ಕೋಟಿ ಡಾಲರಿಗೆ ಮಾರಾಟವಾದ ಸ್ನಾಫಿ ಡಾನ್ಸರ್ ಒಂದು ರೇಸಿನಲ್ಲೂ ಓಡಲಿಲ್ಲ. 2006ರಲ್ಲಿ 1.6 ಕೋಟಿ ಡಾಲರ್ ಕೊಟ್ಟು ಕೊಂಡ ದಿ ಗ್ರೀನ್ ಮಂಕಿ ಮೂರು ಸಲ ಓಡಿ ಒಂದನ್ನೂ ಗೆಲ್ಲಲಿಲ್ಲ. ಇತ್ತ 17,500 ಡಾಲರಿನ ಸಿಯಾಟಲ್ ಸ್ಲೂ 1977ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ (ಒಂದೇ ವರ್ಷದ ಮೂರು ದೊಡ್ಡ ರೇಸುಗಳು) ಗೆದ್ದಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ, ಕುದುರೆಗಳ ಜೀವಮಾನದ ಗಳಿಕೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 10ರಷ್ಟನ್ನು ಮಾತ್ರ ವಂಶವಾಹಿಗಳಿಂದ ವಿವರಿಸಲು ಸಾಧ್ಯವಾಯಿತು. ಇದನ್ನು ಓದಿ "ಹಾಗಾದರೆ ಉಳಿದ ಶೇ. 90 ಟ್ರೈನರದ್ದು" ಅಂತ ಕುಣಿಯಬೇಡಿ. ಆ 90ರೊಳಗೆ ಮಾಲೀಕನ ದುಡ್ಡು, ಸಾಕಿದ ಹುಲ್ಲುಗಾವಲು, ಜಾಕಿ, ಗಾಯ, ಆಯ್ದುಕೊಂಡ ರೇಸು, ಶುದ್ಧ ಅದೃಷ್ಟ ಎಲ್ಲವೂ ಇದೆ.

ಒಂಟಿ ಕುದುರೆಯ ವಿಷಯದಲ್ಲಿ ಬೆಲೆ ಕೈಕೊಡುತ್ತದೆ, ಐವತ್ತು ಕುದುರೆಯ ಗುಂಪಿನ ವಿಷಯದಲ್ಲಿ ಸಾಕಷ್ಟು ನಂಬಬಹುದು. ಆದ್ದರಿಂದ ಹೀಗೆ ಮಾಡಿ. ಒಂದು ಲಾಯಕ್ಕೆ ಐದು ವರ್ಷದಲ್ಲಿ ಹೊಸದಾಗಿ ಬಂದ ಕುದುರೆಗಳನ್ನೆಲ್ಲ ಪಟ್ಟಿ ಮಾಡಿ. ಆಯಾ ವರ್ಷದ ಹರಾಜಿನ ಬೆಲೆಗಳಿಗೆ ಹೋಲಿಸಿ ನಾಲ್ಕು ಪಾಲು ಮಾಡಿ: ತೀರಾ ದುಬಾರಿ, ಮೇಲ್ಮಧ್ಯಮ, ಕೆಳಮಧ್ಯಮ, ಅಗ್ಗ. ಮನೆಯಲ್ಲೇ ಹುಟ್ಟಿದವಕ್ಕೆ ಬೆಲೆ ಇರುವುದಿಲ್ಲ, ಅಲ್ಲಿ ಸ್ಟಡ್ ಫೀ ಮತ್ತು ಒಡಹುಟ್ಟಿದವುಗಳ ದಾಖಲೆ ನೋಡಿ. ಆಮೇಲೆ ಒಂದೊಂದು ಪಾಲಿನಲ್ಲೂ ಕುದುರೆಗಳನ್ನು ಅವು ತಲುಪಿದ ರೇಟಿಂಗಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತದ್ದನ್ನು ನೋಡಿ. ಸರಾಸರಿ ತೆಗೆಯಬೇಡಿ, ಒಂದೇ ಒಂದು ಫ್ರಾಂಕೆಲ್ ಬಂದರೆ ಇಡೀ ಸರಾಸರಿ ಆಕಾಶಕ್ಕೇರುತ್ತದೆ. ಟ್ರೈನರ್ ಯಾರು ಅನ್ನುವುದನ್ನು ಹೇಳುವುದು ನಡುವಿನ ಕುದುರೆ. ಅದನ್ನು ಬೇರೆ ಲಾಯಗಳ ಅದೇ ಪಾಲಿನ ನಡುವಿನ ಕುದುರೆಯ ಜೊತೆ ಹೋಲಿಸಿ.

ಈ ಕಣ್ಣಿನಿಂದ ಐರ್ಲೆಂಡಿನ ಟ್ರೈನರ್ ಏಡನ್ ಒಬ್ರಿಯನ್ ಅವರನ್ನು ನೋಡಿ. 2017ರಲ್ಲಿ ಅವರ ಕುದುರೆಗಳು ಅತ್ಯುನ್ನತ ದರ್ಜೆಯ 28 ರೇಸ್ ಗೆದ್ದು, ಅಮೆರಿಕದ ಟ್ರೈನರ್ ಬಾಬಿ ಫ್ರಾಂಕೆಲ್ 2003ರಲ್ಲಿ ಮಾಡಿದ್ದ 25ರ ವಿಶ್ವದಾಖಲೆಯನ್ನು ಮುರಿದವು. ಆದರೆ ಅವರ ಬ್ಯಾಲಿಡಾಯ್ಲ್ ಲಾಯಕ್ಕೆ ಕುದುರೆ ಬರುವುದು ಕೂಲ್‌ಮೋರ್‌ನಿಂದ; ಸ್ಯಾಡ್ಲರ್ಸ್ ವೆಲ್ಸ್, ಗೆಲಿಲಿಯೊ ಅನ್ನುವ ಹೆಸರಾಂತ ತಂದೆ ಕುದುರೆಗಳು ಇದ್ದ ತಳಿ ಫಾರ್ಮ್ ಅದು. ಬಾಗಿಲಲ್ಲೇ ಜಗತ್ತಿನ ಉತ್ತಮ ರಕ್ತ ಒಳಗೆ ಬರುತ್ತದೆ. 28 ಅನ್ನುವ ಸಂಖ್ಯೆಯನ್ನು ಮೊದಲ ಪಾಲಿನ (ತೀರಾ ದುಬಾರಿ) ಕುದುರೆಗಳೇ ತುಂಬಿದ ಬೇರೆ ದೊಡ್ಡ ಲಾಯಗಳ ಜೊತೆ ಮಾತ್ರ ಹೋಲಿಸಬೇಕು. ಹಾಗೆ ಹೋಲಿಸಿದಾಗಲೂ ಅವರು ದೊಡ್ಡವರೇ ಅನ್ನುವುದು ನನ್ನ ಅಭಿಪ್ರಾಯ. ಅಷ್ಟೊಂದು ಒಳ್ಳೆಯ ಕುದುರೆಗಳು ಒಂದಕ್ಕೊಂದು ಅಡ್ಡ ಬರದಂತೆ ಬೇರೆ ಬೇರೆ ದೇಶದ ರೇಸುಗಳಿಗೆ ಹಂಚಿ, ಎಲ್ಲವನ್ನೂ ಸರಿಯಾದ ದಿನಕ್ಕೆ ಸಿದ್ಧ ಮಾಡುವುದು ಸುಲಭದ ಕೆಲಸವಲ್ಲ.

ಇಲ್ಲೊಂದು ತೊಡಕಿದೆ, ಇದನ್ನು ಬಹಳ ಜನ ಮರೆಯುತ್ತಾರೆ. ಕುದುರೆ ಆಯ್ಕೆ ಮಾಡಿದವರು ಯಾರು? ಹಿಂದಿನ ಪೀಳಿಗೆಯ ಐರಿಶ್ ಟ್ರೈನರ್ ವಿನ್ಸೆಂಟ್ ಒಬ್ರಿಯನ್ ಕೆನಡಾದ ಫಾರ್ಮ್ ಒಂದಕ್ಕೆ ಬೇರೊಂದು ಮರಿಯನ್ನು ನೋಡಲು ಹೋದವರು, ಅಲ್ಲಿದ್ದ ನಾರ್ದರ್ನ್ ಡಾನ್ಸರ್ ಮಗನ ಮೇಲೆ ಕಣ್ಣು ಬಿದ್ದು ಅದನ್ನೇ ಕೊಳ್ಳಿ ಅಂತ ಮಾಲೀಕರಿಗೆ ಹೇಳಿದರು. ಅದು ನಿಜಿನ್‌ಸ್ಕಿ. 1970ರಲ್ಲಿ ಅದು ಇಂಗ್ಲೆಂಡಿನ ಟ್ರಿಪಲ್ ಕ್ರೌನ್ ಗೆದ್ದಿತು. 1935ರ ಬಹ್ರಾಮ್ ನಂತರ ಯಾವ ಕುದುರೆಗೂ ಅದು ಸಾಧ್ಯವಾಗಿರಲಿಲ್ಲ. ಇಂಥ ಕಡೆ "ಕುದುರೆಯೇ ಚೆನ್ನಾಗಿತ್ತು" ಅಂದರೆ ಅದೂ ಟ್ರೈನರಿಗೇ ಸಲ್ಲುವ ಮಾತು. ಹಾಗಾಗಿ ಪಟ್ಟಿಯಲ್ಲಿ ಪ್ರತಿ ಕುದುರೆಯ ಮುಂದೆ "ತಾನೇ ಆರಿಸಿದ್ದು" ಅಥವಾ "ಮಾಲೀಕ ಕಳಿಸಿದ್ದು" ಅಂತ ಒಂದು ಗುರುತು ಹಾಕಿ.

ಹೆಜ್ಜೆ 3: ಸ್ಟ್ರೈಕ್ ರೇಟ್ (ನೂರು ಓಟಕ್ಕೆ ಎಷ್ಟು ಗೆಲುವು) ಕಂಡೊಡನೆ ಮಾರುಹೋಗಬೇಡಿ

ಒಬ್ಬ ಟ್ರೈನರ್ ಈ ವರ್ಷ ಶೇ. 26 ಗೆದ್ದರು, ಕಳೆದ ವರ್ಷ ಶೇ. 15. "ಏನೋ ಹೊಸದು ಕಂಡುಕೊಂಡಿದ್ದಾರೆ" ಅಂತ ಮಾತು ಶುರುವಾಗುತ್ತದೆ. ಎಷ್ಟು ಓಟದಲ್ಲಿ ಅಂತ ಕೇಳಿ. ನಿಜವಾದ ಸಾಮರ್ಥ್ಯ ಶೇ. 20 ಇರುವ ಟ್ರೈನರ್ 100 ಓಟಕ್ಕೆ ಕುದುರೆ ಇಳಿಸಿದರೆ, ಬರೀ ಅದೃಷ್ಟದ ಏರಿಳಿತದಿಂದಲೇ ಗೆಲುವು 12ರಿಂದ 28ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇಪ್ಪತ್ತರಲ್ಲಿ ಹತ್ತೊಂಬತ್ತು ವರ್ಷ ಆ ಮಿತಿಯೊಳಗೆ ಬೀಳುತ್ತದೆ. 400 ಓಟವಾದರೆ ಮಿತಿ ಶೇ. 16ರಿಂದ 24ಕ್ಕೆ ಕಿರಿದಾಗುತ್ತದೆ. ಅಂದರೆ ಆ 15 ಮತ್ತು 26, ಎರಡೂ ನೂರು ಓಟದವಾಗಿದ್ದರೆ, ಒಂದೇ ಸಾಮರ್ಥ್ಯದ ಎರಡು ಮುಖ ಆಗಿರಬಹುದು.

ಇನ್ನೊಂದು ಬಲೆ: ಓಟಗಳನ್ನು ಮಾತ್ರ ಎಣಿಸಿದರೆ ಓಡದ ಕುದುರೆ ಲೆಕ್ಕದಿಂದಲೇ ಮಾಯವಾಗುತ್ತದೆ. ಲಾಯಕ್ಕೆ ಬಂದ ಎರಡು ವರ್ಷದ ಮರಿಗಳು ಎಷ್ಟು? ಅವುಗಳಲ್ಲಿ ರೇಸಿಗೆ ಇಳಿದವು ಎಷ್ಟು? ಒಂದಾದರೂ ಗೆದ್ದವು ಎಷ್ಟು? ನಾಲ್ಕನೇ ವಯಸ್ಸಿನಲ್ಲೂ ಕಾಲು ಗಟ್ಟಿಯಾಗಿ ಓಡುತ್ತಿರುವವು ಎಷ್ಟು? ಈ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಶೇ. 30 ಸ್ಟ್ರೈಕ್ ರೇಟ್ ಇರುವ ಲಾಯದಲ್ಲಿ ಅರ್ಧಕ್ಕರ್ಧ ಮರಿಗಳು ಗೇಟಿಗೇ ಬರದೆ ಮುರಿದುಬಿದ್ದಿದ್ದರೆ, ಆ 30ರ ಹೊಳಪು ನನ್ನ ಮಟ್ಟಿಗೆ ಅಲ್ಲೇ ಮಂಕಾಗುತ್ತದೆ. ಕುದುರೆಯನ್ನು ಕಾಪಾಡುವುದೇ ಈ ಕಸುಬಿನ ಮೊದಲ ಧರ್ಮ ಅನ್ನುವವನು ನಾನು.

ಹೆಜ್ಜೆ 4: ಆಡ್ಸ್ ಇಟ್ಟು ಅಳೆಯಿರಿ, ಆದರೆ ಅದು ಅಳೆಯುವುದು ಏನನ್ನು ಅಂತ ತಿಳಿದಿರಲಿ

ನಿರೀಕ್ಷೆ ಎಷ್ಟಿತ್ತು, ಗೆದ್ದದ್ದು ಎಷ್ಟು ಅನ್ನುವ ಅನುಪಾತ ಸರಳ. ಒಬ್ಬ ಟ್ರೈನರ್ ಐದು ಬೇರೆ ಬೇರೆ ರೇಸಿಗೆ ಒಂದೊಂದು ಕುದುರೆ ಇಳಿಸಿದರು ಅಂದುಕೊಳ್ಳಿ. ದಶಮಾಂಶದ ಆಡ್ಸ್ (ಒಂದು ರೂಪಾಯಿ ಕಟ್ಟಿ ಗೆದ್ದರೆ ಒಟ್ಟು ಕೈಗೆ ಬರುವ ಹಣ) 3, 4, 6, 10, 20. ಒಂದನ್ನು ಪ್ರತಿ ಆಡ್ಸ್‌ನಿಂದ ಭಾಗಿಸಿ: 0.33, 0.25, 0.17, 0.10, 0.05. ಕೂಡಿದರೆ 0.90. ಆದರೆ ಬುಕ್ಕಿ ತನ್ನ ಲಾಭ ಸೇರಿಸಿಯೇ ಆಡ್ಸ್ ಕೊಡುವುದು. ಒಂದು ರೇಸಿನ ಎಲ್ಲ ಕುದುರೆಗಳಿಗೂ ಹೀಗೆ ಮಾಡಿ ಕೂಡಿದರೆ 1 ಬರಬೇಕಾದ್ದು 1.20 ಬಂದಿರಬಹುದು. ಐದೂ ರೇಸಿನಲ್ಲಿ ಹಾಗೇ ಇದ್ದರೆ 0.90 ಅನ್ನು 1.20ರಿಂದ ಭಾಗಿಸಿ: 0.75. ಅಂದರೆ ನಿರೀಕ್ಷೆ ಮುಕ್ಕಾಲು ಗೆಲುವು. ಒಂದು ಗೆದ್ದಿದ್ದರೆ ಅನುಪಾತ 1.33. ಐದು ಓಟದ ಮೇಲೆ ಇದಕ್ಕೆ ಬೆಲೆಯಿಲ್ಲ; ಐದು ನೂರರ ಮೇಲೂ 1.2 ಉಳಿದರೆ ಗಮನಿಸಬೇಕಾದ ವಿಷಯ.

ಈಗ ಮುಖ್ಯ ಮಾತು. ಆಡ್ಸ್ ಕಟ್ಟುವ ಜನರಿಗೆ ಟ್ರೈನರ್ ಹೆಸರು ಗೊತ್ತು. ದೊಡ್ಡ ಹೆಸರಿನ ಲಾಯದ ಕುದುರೆ ಮೊದಲ ಸಲ ಓಡುವಾಗಲೇ ಫೇವರಿಟ್ ಆಗಿಬಿಡುತ್ತದೆ. ಹೀಗಾಗಿ ಮಹಾನ್ ಟ್ರೈನರ್ ಒಬ್ಬರ ಅನುಪಾತ 0.95 ಬರುವುದು, ಯಾರೂ ಗಮನಿಸದ ಸಣ್ಣ ಲಾಯದವರ ಅನುಪಾತ 1.25 ಬರುವುದು ಸಹಜ. ಇದು ಅಳೆಯುವುದು ಕೈಗುಣವನ್ನಲ್ಲ, ಆ ಕೈಗುಣ ಜನರ ಕಣ್ಣಿಗೆ ಇನ್ನೂ ಎಷ್ಟು ಬಿದ್ದಿಲ್ಲ ಅನ್ನುವುದನ್ನು. ನಾನು ಮೊದಲ ಕೆಲವು ವರ್ಷ ಇದೊಂದನ್ನೇ ನಂಬಿಕೊಂಡು ಒಳ್ಳೊಳ್ಳೆಯ ಟ್ರೈನರ್‌ಗಳನ್ನು ಕೆಳಗಿಟ್ಟು ನೋಡಿದ್ದೆ. ಟ್ರೈನರ್ ಹೆಸರು ಗೊತ್ತಿಲ್ಲದ ಅಳತೆಗೋಲು ಬೇಕು ಅನ್ನುವುದು ಆಗ ಅರ್ಥವಾಯಿತು. ಹರಾಜಿನ ಬೆಲೆಗೆ ಆ ಗುಣ ಬಹುಮಟ್ಟಿಗೆ ಇದೆ. ಎರಡನೇ ಹೆಜ್ಜೆಯನ್ನು ಬುನಾದಿ ಅಂದದ್ದು ಅದಕ್ಕೇ.

ಹೆಜ್ಜೆ 5: ಕೈ ಬದಲಾದ ಕುದುರೆಗಳನ್ನು ಹಿಂಬಾಲಿಸಿ

ಇದು ನನಗೆ ಅತ್ಯಂತ ಇಷ್ಟವಾದ ಭಾಗ. ಅದೇ ಕುದುರೆ, ಅದೇ ರಕ್ತ, ಟ್ರೈನರ್ ಮಾತ್ರ ಬೇರೆ. ಇದಕ್ಕಿಂತ ಒಳ್ಳೆಯ ಪ್ರಯೋಗ ನಮಗೆ ಬೇರೆಲ್ಲೂ ಸಿಗುವುದಿಲ್ಲ.

ರೆಡ್ ರಮ್ ಕಥೆ ನೋಡಿ. ಹಲವು ಕೈ ದಾಟಿದ ಮೇಲೆ 1972ರಲ್ಲಿ 6,000 ಗಿನಿಗೆ (ಇಂಗ್ಲೆಂಡಿನ ಹಳೆಯ ಹಣದ ಲೆಕ್ಕ) ಜಿಂಜರ್ ಮೆಕ್ಕೇನ್ ಲಾಯಕ್ಕೆ ಬಂತು. ಗೊರಸಿನೊಳಗಿನ ಮೂಳೆಗೆ ಉರಿಯೂತ ಇದ್ದ ಕುದುರೆ. ಮೆಕ್ಕೇನ್ ಲಾಯ ಇದ್ದದ್ದು ಸೌತ್‌ಪೋರ್ಟಿನಲ್ಲಿ, ಕಾರು ಮಾರುವ ಅಂಗಡಿಯ ಹಿಂದೆ. ಗ್ಯಾಲಪ್ (ವೇಗದ ಓಟ) ಮಾಡಿಸಲು ಹುಲ್ಲಿನ ಮೈದಾನ ಇರಲಿಲ್ಲ, ಇದ್ದದ್ದು ಸಮುದ್ರ ತೀರ. ದಿನವೂ ಮರಳಿನ ಮೇಲೆ ಓಟ, ಉಪ್ಪುನೀರಿನಲ್ಲಿ ನಡಿಗೆ. 1973, 1974, 1977ರಲ್ಲಿ ಆ ಕುದುರೆ ಗ್ರಾಂಡ್ ನ್ಯಾಷನಲ್ ಗೆದ್ದಿತು. ನಡುವಿನ 1975, 1976ರಲ್ಲಿ ಎರಡನೇ ಸ್ಥಾನ. ನಾಲ್ಕು ಮೈಲಿಗೂ ಹೆಚ್ಚಿನ ಓಟ, ಮೂವತ್ತು ಬೇಲಿ. ನೋವಿನ ಕಾಲಿನ ಕುದುರೆಯನ್ನು ಐದು ವರ್ಷ ಹಾಗೆ ನಿಲ್ಲಿಸಿಕೊಂಡದ್ದರಲ್ಲಿ ಮೆಕ್ಕೇನ್ ಪಾಲು ದೊಡ್ಡದು, ಸಮುದ್ರದ ಪಾಲೂ ದೊಡ್ಡದು. ಆ ತೀರವನ್ನು ಹುಡುಕಿಕೊಂಡು ಹೋದದ್ದಲ್ಲ, ಅವರ ಲಾಯ ಅಲ್ಲೇ ಇತ್ತು. ಇದು ಹೆಜ್ಜೆ 1ರ ಮೊದಲ ಪ್ರಶ್ನೆಗೆ ಉತ್ತರ, ಎರಡನೆಯದಕ್ಕಲ್ಲ.

ಸೀಬಿಸ್ಕಿಟ್ ಇನ್ನೂ ಸೂಕ್ಷ್ಮ. ಎರಡನೇ ವಯಸ್ಸಿನಲ್ಲೇ, 1935ರಲ್ಲಿ, 35 ಸಲ ಓಡಿಸಲ್ಪಟ್ಟ ಕುದುರೆ. 1936ರಲ್ಲಿ 8,000 ಡಾಲರಿಗೆ ಟಾಮ್ ಸ್ಮಿತ್ ಕೈಗೆ ಬಂತು, 1938ರಲ್ಲಿ ಆ ಕಾಲದ ಮಹಾ ಕುದುರೆ ವಾರ್ ಅಡ್ಮಿರಲ್ಲನ್ನು ಸೋಲಿಸಿತು. ಬಿಟ್ಟುಕೊಟ್ಟ ಟ್ರೈನರ್ ಕೈಲಾಗದವರೇ? ಅಲ್ಲ. ಗ್ಯಾಲಂಟ್ ಫಾಕ್ಸ್ ಮತ್ತು ಒಮಾಹಾ, ಎರಡು ಟ್ರಿಪಲ್ ಕ್ರೌನ್ ಕುದುರೆಗಳನ್ನು ಬೆಳೆಸಿದ ಸನ್ನಿ ಜಿಮ್ ಫಿಟ್ಸಿಮನ್ಸ್. ಒಬ್ಬ ದೊಡ್ಡ ಟ್ರೈನರ್ ಕೈಯಲ್ಲಿ ಅರಳದ ಕುದುರೆ ಇನ್ನೊಬ್ಬರ ಕೈಯಲ್ಲಿ ಅರಳಬಹುದು. ಒಂದು ಕುದುರೆ ತಪ್ಪಿಹೋದದ್ದಕ್ಕೆ ಟ್ರೈನರನ್ನು ತೂಕದಲ್ಲಿ ಇಳಿಸಬೇಡಿ.

ಈಗ ಎಚ್ಚರಿಕೆ. ಕುದುರೆ ಸಾಮಾನ್ಯವಾಗಿ ಕೈ ಬದಲಾಗುವುದು ಕೆಟ್ಟ ಓಟಗಳ ಬೆನ್ನಿಗೆ. ಆ ಕೆಟ್ಟ ಓಟಗಳಲ್ಲಿ ಅರ್ಧ ದುರದೃಷ್ಟವೇ ಇರುತ್ತದೆ. ಲಾಯ ಬದಲಾಗದಿದ್ದರೂ ಅದು ಸುಧಾರಿಸುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವ ಹಾಗೆ ಹೊಸ ಟ್ರೈನರಿಗೆ ಹೆಸರು ಬಂದುಬಿಡುತ್ತದೆ. ವಯಸ್ಸಿನದೂ ಅದೇ ಕಥೆ: ಥರೋಬ್ರೆಡ್ ಕುದುರೆ ಫ್ಲಾಟ್ ರೇಸಿನಲ್ಲಿ ತನ್ನ ಪೂರ್ಣ ವೇಗಕ್ಕೆ ಬರುವುದು ನಾಲ್ಕು, ನಾಲ್ಕೂವರೆ ವರ್ಷದ ಸುಮಾರಿಗೆ. ಮೂರನೇ ವಯಸ್ಸಿನಲ್ಲಿ ಕೈ ಬದಲಾದದ್ದು ನಾಲ್ಕರಲ್ಲಿ ಚೆನ್ನಾಗಿ ಓಡಿದರೆ ಕಾಲವೂ ಪಾಲು ಕೇಳುತ್ತದೆ.

ಇದನ್ನು ಸರಿಪಡಿಸಿಕೊಳ್ಳಲು, ಬದಲಾವಣೆಗೆ ಮೊದಲಿನ ಐದು ಓಟಗಳ ರೇಟಿಂಗ್, ನಂತರದ ಐದರ ರೇಟಿಂಗ್ ತೆಗೆದುಕೊಂಡು ಎರಡರಲ್ಲೂ ನಡುವಿನದನ್ನು ಹೋಲಿಸಿ. ಒಳಗೆ ಬಂದವುಗಳಷ್ಟೇ ಶ್ರದ್ಧೆಯಿಂದ ಹೊರಗೆ ಹೋದವುಗಳನ್ನೂ ನೋಡಿ: ಬಂದವು ಏರಿ, ಹೋದವು ಇಳಿದರೆ ಅಲ್ಲಿ ನಿಜವಾಗಿ ಏನೋ ಇದೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು, ಓಟ ಕೆಟ್ಟದ್ದಕ್ಕಲ್ಲದೆ ಬೇರೆ ಕಾರಣಕ್ಕೆ ಆದ ವರ್ಗಾವಣೆ. ಟ್ರೈನರ್ ನಿವೃತ್ತರಾದರು, ಮಾಲೀಕ ತೀರಿಕೊಂಡ, ಇಬ್ಬರಿಗೂ ಮನಸ್ತಾಪ ಬಂತು. ಆಗ ಚೆನ್ನಾಗಿ ಓಡುತ್ತಿದ್ದವು, ಓಡದವು ಎಲ್ಲವೂ ಒಟ್ಟಿಗೆ ಹೋಗುತ್ತವೆ. 1995ರಲ್ಲಿ ಸೆಸಿಲ್ ಲಾಯ ಬಿಟ್ಟವುಗಳಲ್ಲಿ ಮಾರ್ಕ್ ಆಫ್ ಎಸ್ಟೀಮ್ ಒಂದು. ಮರುವರ್ಷ ಶೇಖ್ ಮೊಹಮ್ಮದರದೇ ಆದ ಗಾಡಾಲ್ಫಿನ್ ಬಣ್ಣದಲ್ಲಿ ಅದು 2000 ಗಿನೀಸ್ ಅನ್ನುವ ದೊಡ್ಡ ರೇಸ್ ಗೆದ್ದಿತು. ದಾಖಲೆಯಲ್ಲಿ ಆ ಗೆಲುವು ಹೊಸ ಟ್ರೈನರದು. ಎರಡನೇ ವಯಸ್ಸಿನಲ್ಲಿ ಅದಕ್ಕೆ ಅವಸರವಿಲ್ಲದೆ ಪಾಠ ಹೇಳಿದವರ ಹೆಸರನ್ನು ನಿಮ್ಮ ನೋಟ್‌ಬುಕ್ಕಿನಲ್ಲಾದರೂ ಬರೆದಿಡಿ.

ಹೆಜ್ಜೆ 6: ಬೆಳಗಿನ ಕೆಲಸವನ್ನು ನೋಡಿ

ಅಂಕಿಗಳು ಹೇಳದ್ದು ಇಲ್ಲಿದೆ. ಒಳ್ಳೆಯ ಲಾಯದಲ್ಲಿ ಬೆಳಗಿನ ಮೊದಲ ಕೆಲಸ ಓಟವಲ್ಲ. ಸೈಸ್ (ಕುದುರೆ ನೋಡಿಕೊಳ್ಳುವವ) ಮೇವಿನ ತೊಟ್ಟಿ ನೋಡುತ್ತಾನೆ: ರಾತ್ರಿ ಹಾಕಿದ್ದರಲ್ಲಿ ಎಷ್ಟು ಉಳಿದಿದೆ? ಆಮೇಲೆ ಮೊಣಕಾಲಿನಿಂದ ಕೆಳಕ್ಕೆ ಅಂಗೈ ಇಳಿಸುತ್ತಾನೆ, ಹಿಂಬದಿಯ ಸ್ನಾಯುರಜ್ಜುವಿನ ಗುಂಟ, ಒಂದು ಕಾಲಿನ ಬಿಸಿಗೂ ಇನ್ನೊಂದರ ಬಿಸಿಗೂ ವ್ಯತ್ಯಾಸ ಇದೆಯೇ ಅಂತ. ಕುದುರೆಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ (ನಿಧಾನದ ಕುಕ್ಕುಲೋಟ) ಮಾಡಿಸಿದಾಗ ತಲೆ ಕುಣಿಯುತ್ತದೆಯೇ ಅಂತ ಟ್ರೈನರ್ ನೋಡುತ್ತಾರೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ. ತೊಟ್ಟಿಯಲ್ಲಿ ಒಂದು ಹಿಡಿ ಓಟ್ಸ್ ಉಳಿದದ್ದಕ್ಕೆ, ಅಂಗೈಗೆ ಹತ್ತಿದ ಒಂದಿಷ್ಟು ಬಿಸಿಗೆ, ವಾರದಿಂದ ಯೋಜಿಸಿದ ಗ್ಯಾಲಪ್ಪನ್ನು ರದ್ದು ಮಾಡುವ ಧೈರ್ಯ ಟ್ರೈನರಿಗೆ ಇರಬೇಕು. ಆ ರದ್ದಾದ ಗ್ಯಾಲಪ್ ಯಾವ ದಾಖಲೆಯಲ್ಲೂ ಬರುವುದಿಲ್ಲ.

ಕೆಲಸದ ಒಳಮರ್ಮವೂ ಗೊತ್ತಿರಲಿ. ಎಳೆಯ ಕುದುರೆಯ ಮೊಣಕಾಲಿನ ಕೆಳಗಿನ ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ದಿನವೂ ಮೈಲಿಗಟ್ಟಲೆ ನಿಧಾನದ ಕ್ಯಾಂಟರ್ ಓಟ ಮಾತ್ರ ಮಾಡಿಸಿದರೆ ಹೃದಯ, ಶ್ವಾಸ ಗಟ್ಟಿಯಾಗುತ್ತವೆ, ಮೂಳೆ ರೇಸಿನ ವೇಗಕ್ಕೆ ಸಿದ್ಧವಾಗಿರುವುದಿಲ್ಲ. ವಾರದಲ್ಲಿ ಕೆಲವು ಸಲ ಚಿಕ್ಕ ಚಿಕ್ಕ ದೂರದ ವೇಗದ ಓಟ ಬೇಕು; ಅತಿಯಾದರೆ ಮೂಳೆ ಕಟ್ಟಿಕೊಳ್ಳುವ ಮೊದಲೇ ಬಿರುಕು ಬಿಡುತ್ತದೆ. ಈ ಎರಡರ ನಡುವಿನ ಸಣ್ಣ ದಾರಿಯಲ್ಲಿ ಪ್ರತಿ ಕುದುರೆಯನ್ನೂ ಬೇರೆ ಬೇರೆಯಾಗಿ ನಡೆಸುವುದೇ ಕೈಗುಣ.

ಕೆಲವರು ಕಸುಬನ್ನೇ ಬದಲಿಸಿದರು. ಮಾರ್ಟಿನ್ ಪೈಪ್ ಬುಕ್ಕಿಯ ಮಗ; ಲಾಯದಲ್ಲೇ ರಕ್ತಪರೀಕ್ಷೆಯ ಲ್ಯಾಬ್ ಹಾಕಿಸಿದರು, ಕುದುರೆಗಳನ್ನು ತೂಗಿದರು, ಏರಿನ ಮೇಲೆ ಬಿಟ್ಟು ಬಿಟ್ಟು ಓಡಿಸುವ ಇಂಟರ್ವಲ್ ಪದ್ಧತಿ ತಂದರು. 1990-91ರ ಋತುವಿನಲ್ಲಿ 230 ಗೆಲುವು, ಒಟ್ಟು 15 ಸಲ ಬ್ರಿಟನ್ನಿನ ಜಂಪ್ ರೇಸಿಂಗ್ (ಬೇಲಿ ಹಾರುವ ಓಟ) ಚಾಂಪಿಯನ್. ಅವರ ಬಹುಪಾಲು ಕುದುರೆಗಳು ದೊಡ್ಡ ವಂಶದವಲ್ಲ. ಮೈಕೆಲ್ ಡಿಕಿನ್ಸನ್ ಬೇರೆ ರೀತಿ: ಜಂಪ್ ರೇಸಿಂಗಿನ ದೊಡ್ಡ ಸ್ಪರ್ಧೆಯಾದ 1983ರ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ಪಿನಲ್ಲಿ ಮೊದಲ ಐದೂ ಸ್ಥಾನ ಅವರ ಕುದುರೆಗಳದೇ. ಆಮೇಲೆ ಅಮೆರಿಕದಲ್ಲಿ ಅವರು ತಯಾರು ಮಾಡಿದ ಕುದುರೆ ಡಾ ಹಾಸ್. 1996ರಲ್ಲಿ ಅಲ್ಲಿಯ ದೊಡ್ಡ ರೇಸ್ ಬ್ರೀಡರ್ಸ್ ಕಪ್ ಮೈಲ್ ಗೆದ್ದ ಕುದುರೆ ಗಾಯಗಳಿಂದ ನರಳಿ ಸುಮಾರು ಎರಡು ವರ್ಷ ರೇಸೇ ಕಾಣಲಿಲ್ಲ. 1998ರಲ್ಲಿ ಒಂದೇ ಒಂದು ಸಾಧಾರಣ ರೇಸ್ ಓಡಿ, ನೇರ ಅದೇ ಬ್ರೀಡರ್ಸ್ ಕಪ್ ಮೈಲ್‌ಗೆ ಇಳಿದು ಮತ್ತೆ ಗೆದ್ದಿತು. ರಕ್ತ, ಜಾಕಿ, ಅದೃಷ್ಟ ಎಲ್ಲವನ್ನೂ ಕಳೆದರೂ ಅಲ್ಲಿ ಟ್ರೈನರ್ ಉಳಿಯುತ್ತಾರೆ. ಶ್ರೇಯ ಅಂದರೆ ಹೇಗಿರುತ್ತದೆ ಅಂತ ಕೇಳಿದವರಿಗೆ ನಾನು ಮೊದಲು ತೋರಿಸುವುದು ಡಾ ಹಾಸ್ ಓಟದ ದಾಖಲೆಯನ್ನು.

ಹೆಜ್ಜೆ 7: ಉಳಿದವರ ಪಾಲು ತೆಗೆದಿಡಿ

ಹೆಸರು ಒಬ್ಬರದು, ಕೈ ಹಲವರದು. ಬೆಳಗಿನ ಸವಾರ, ಸೈಸ್, ಲಾಳ ಕಟ್ಟುವವರು, ಪಶುವೈದ್ಯರು, ಅಸಿಸ್ಟೆಂಟ್. ಇನ್ನೂರು ಕುದುರೆಯ ಲಾಯದಲ್ಲಿ ಟ್ರೈನರ್ ದಿನವೂ ಪ್ರತಿ ಕಾಲನ್ನೂ ಮುಟ್ಟಿ ನೋಡಲು ಆಗುವುದಿಲ್ಲ. ಅಲ್ಲಿ ಅವರ ಕೌಶಲ ಸರಿಯಾದ ಜನರನ್ನು ಆರಿಸಿ ತರಬೇತು ಮಾಡುವುದರಲ್ಲಿದೆ. ಇದನ್ನು ಪರೀಕ್ಷಿಸಲು, ಅವರ ಅಸಿಸ್ಟೆಂಟುಗಳು ಸ್ವತಂತ್ರರಾದ ಮೇಲೆ ಏನಾದರು ಅಂತ ನೋಡಿ. ಡಿ. ವೇಯ್ನ್ ಲೂಕಸ್ 1994ರಿಂದ 1996ರ ನಡುವೆ ಅಮೆರಿಕದ ಟ್ರಿಪಲ್ ಕ್ರೌನಿಗೆ ಸೇರಿದ ಬಿಡಿ ರೇಸುಗಳಲ್ಲಿ ಸತತವಾಗಿ ಆರನ್ನು ಗೆದ್ದರು. ಅವರ ಬಳಿ ಕೆಲಸ ಕಲಿತ ಟಾಡ್ ಪ್ಲೆಚರ್ ಮುಂದೆ ತಾವೇ ದೊಡ್ಡ ಹೆಸರಾದರು. ಇದು ಎರಡು ಕಡೆಗೂ ವಾಲುವ ಸಾಕ್ಷ್ಯ: ಗುರು ಚೆನ್ನಾಗಿ ಕಲಿಸಿದರು, ಹಾಗೇ ಗುರುವಿನ ಹೆಸರಿನಲ್ಲಿ ದಾಖಲಾದ ಗೆಲುವುಗಳಲ್ಲಿ ಶಿಷ್ಯರ ಬೆವರೂ ಇತ್ತು.

ಮಾಲೀಕನ ತಾಳ್ಮೆಯನ್ನೂ ಬೇರೆಯಾಗಿ ಬರೆಯಿರಿ. ಒಂದು ವರ್ಷ ಕಾಯೋಣ ಅಂದ ಟ್ರೈನರಿಗೆ "ಆಗಲಿ" ಅನ್ನುವ ಮಾಲೀಕ ಸಿಗದಿದ್ದರೆ ಆ ಜಾಣತನ ಎಲ್ಲೂ ಕಾಣುವುದೇ ಇಲ್ಲ.

ಹೆಜ್ಜೆ 8: ಅನುಮಾನದ ಗೆಲುವನ್ನು ಬದಿಗಿಡಿ

ಕೈ ಬದಲಾದ ಕೂಡಲೇ ಎಲ್ಲ ವಯಸ್ಸಿನ, ಎಲ್ಲ ಮಟ್ಟದ ಕುದುರೆಗಳೂ ಒಟ್ಟಿಗೆ ಜಿಗಿದರೆ ಮೆಚ್ಚುವ ಮುನ್ನ ನಿಲ್ಲಿ. ಅಮೆರಿಕದಲ್ಲಿ ಹಾರ್ಹೆ ನವಾರೋ, ಜೇಸನ್ ಸರ್ವಿಸ್ ಇಬ್ಬರೂ ಗೆಲುವಿನ ಶೇಕಡಾವಾರಿನಲ್ಲಿ ಎದ್ದು ಕಾಣುತ್ತಿದ್ದ ಟ್ರೈನರ್‌ಗಳು. 2020ರ ಮಾರ್ಚಿನಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅವರ ಮೇಲೆ ಆರೋಪ ಬಂತು, ಇಬ್ಬರೂ ತಪ್ಪೊಪ್ಪಿಕೊಂಡರು. ನವಾರೋಗೆ ಐದು ವರ್ಷ, ಸರ್ವಿಸ್‌ಗೆ ನಾಲ್ಕು ವರ್ಷ ಜೈಲು. ಅಲ್ಲಿಯವರೆಗಿನ ಅಂಕಿ ಅಂಶದಲ್ಲಿ ಅದು ಬರೀ ಪ್ರತಿಭೆಯಾಗಿ ಕಂಡಿತ್ತು. ಆದರೆ ಸಾಕ್ಷ್ಯವಿಲ್ಲದೆ ಯಾರ ಮೇಲೂ ಬೆರಳು ತೋರಿಸಬೇಡಿ. ಪೈಪ್ ಗೆಲ್ಲತೊಡಗಿದಾಗಲೂ ಅನುಮಾನದ ಮಾತು ಬೇಕಾದಷ್ಟಿತ್ತು, ಇದ್ದದ್ದು ಹೊಸ ಪದ್ಧತಿ.

ಹೆಜ್ಜೆ 9: ತೀರ್ಪು ಬರೆಯುವುದು

"ಶೇ. 30 ಟ್ರೈನರ್, ಶೇ. 70 ಕುದುರೆ" ಅಂತ ಬರೆಯಬೇಡಿ. ಎರಡೂ ಒಂದಕ್ಕೊಂದು ಗುಣಿಸಿಕೊಳ್ಳುವಂಥವು, ಕೂಡಿಕೊಳ್ಳುವಂಥವಲ್ಲ. ಒಂದು ಪುಟದಲ್ಲಿ ಮಾತಿನಲ್ಲಿ ಬರೆಯಿರಿ: ಬಂದದ್ದು ಏನು, ಹೊರಗೆ ಹೋದದ್ದು ಏನು, ನಡುವೆ ಏನಾಯಿತು, ಎಷ್ಟು ಖಚಿತ.

ವಿನ್ಸೆಂಟ್ ಒಬ್ರಿಯನ್ ಬಗ್ಗೆ ನನ್ನ ಪುಟ ಹೀಗಿದೆ. ಬೇರೆ ಲಾಯದಿಂದ ಬಂದ ಹ್ಯಾಟನ್ಸ್ ಗ್ರೇಸ್ 1949ರಲ್ಲಿ ಒಂಬತ್ತನೇ ವಯಸ್ಸಿನಲ್ಲಿ ಚಾಂಪಿಯನ್ ಹರ್ಡಲ್ ಅನ್ನುವ ದೊಡ್ಡ ಜಂಪ್ ರೇಸ್ ಗೆದ್ದಿತು, 1950, 1951ರಲ್ಲೂ ಗೆದ್ದಿತು. ಆ ವಯಸ್ಸಿನಲ್ಲಿ ಬೆಳವಣಿಗೆಯ ನೆಪ ಹೇಳಲಾಗದು. 1953, 1954, 1955ರ ಗ್ರಾಂಡ್ ನ್ಯಾಷನಲ್ ಮೂರನ್ನೂ ಮೂರು ಬೇರೆ ಬೇರೆ ಕುದುರೆಗಳಿಂದ ಗೆದ್ದರು. ಒಂದೇ ಕುದುರೆಯ ಪುಣ್ಯ ಅನ್ನಲಾಗದು. ಆಮೇಲೆ ಜಂಪ್ ರೇಸಿಂಗ್ ಬಿಟ್ಟು ಫ್ಲಾಟ್‌ಗೆ ಬಂದು 1962ರಿಂದ 1982ರೊಳಗೆ ಇಂಗ್ಲೆಂಡಿನ ಹೆಸರಾಂತ ಫ್ಲಾಟ್ ರೇಸ್ ಎಪ್ಸಮ್ ಡರ್ಬಿಯನ್ನು ಆರು ಸಲ ಗೆದ್ದರು. ಈ ಎರಡನೇ ಭಾಗದಲ್ಲಿ ಕುದುರೆ ದುಬಾರಿ, ರಕ್ತ ಶ್ರೀಮಂತ, ಆದರೆ ನಿಜಿನ್‌ಸ್ಕಿಯಂಥದನ್ನು ಆರಿಸಿದ ಕಣ್ಣು ಅವರದೇ. ತೀರ್ಪು: ಶ್ರೇಯ ಬಹಳ ದೊಡ್ಡದು, ಖಚಿತತೆ ಹೆಚ್ಚು.

ಸೆಸಿಲ್ ಪುಟ ಬರೆಯಲು ಹೆಚ್ಚು ಸಮಯ ಹಿಡಿಯಿತು. 180 ಮತ್ತು 12ರ ನಡುವಿನ ಅಂತರದಲ್ಲಿ ಹೆಚ್ಚಿನದು ಬಾಗಿಲಲ್ಲಿ ಬಂದ ಕುದುರೆಗಳದು ಅಂತ ಬರೆದಿದ್ದೇನೆ. ಫ್ರಾಂಕೆಲ್ ಬಗ್ಗೆ: ತಂದೆ ಗೆಲಿಲಿಯೊ, ಅದೇ ತಂದೆ ತಾಯಿಯ ತಮ್ಮ ನೋಬಲ್ ಮಿಷನ್, 2013ರಲ್ಲಿ ಸೆಸಿಲ್ ತೀರಿಕೊಂಡ ಮೇಲೆ, 2014ರಲ್ಲಿ ಮೂರು ಗ್ರೂಪ್ 1 (ಅತ್ಯುನ್ನತ ದರ್ಜೆಯ) ರೇಸ್ ಗೆದ್ದಿತು. ವೇಗ ರಕ್ತದಲ್ಲೇ ಇತ್ತು. ಆದರೆ ಎರಡನೇ ವಯಸ್ಸಿನಲ್ಲಿ ಲಗಾಮು ಎಳೆದುಕೊಂಡು ಹುಚ್ಚೆದ್ದು ಓಡುತ್ತಿದ್ದ ಆ ಕುದುರೆಯನ್ನು ಸವಾರರ ಕೈಯಲ್ಲಿ ದಿನದಿನವೂ ತಣಿಸಿ, ಡರ್ಬಿಯ ಆಸೆಗೆ ಬೀಳದೆ ದೂರವನ್ನು ಮೆಲ್ಲಗೆ ಹೆಚ್ಚಿಸಿ, 2012ರಲ್ಲಿ ಯಾರ್ಕ್‌ನಲ್ಲಿ ಹತ್ತು ಫರ್ಲಾಂಗಿಗಿಂತ ಹೆಚ್ಚಿನ ಓಟವನ್ನು ಏಳು ಕುದುರೆಯುದ್ದದ ಅಂತರದಿಂದ ಗೆಲ್ಲುವಷ್ಟು ಸಮಾಧಾನ ಕಲಿಸಿದವರು ತಾವೇ ಕ್ಯಾನ್ಸರಿನಿಂದ ಬಳಲುತ್ತಿದ್ದ ಸೆಸಿಲ್. ಫ್ರಾಂಕೆಲ್‌ನ 14ರಲ್ಲಿ ಅವರ ಪಾಲನ್ನು ನಾನು ಬರೆದದ್ದು ವೇಗದ ಕಾಲಮ್ಮಿನಲ್ಲಿ ಅಲ್ಲ, "ಕೆಡದಂತೆ ಕಾಪಾಡಿದ್ದು" ಅನ್ನುವ ಕಾಲಮ್ಮಿನಲ್ಲಿ.